ನುಂಗಿದ್ದನ್ನು ಮುಚ್ಚಿಡಬೇಡಿ

ಬಾಯಲ್ಲಿಟ್ಟುಕೊಂಡಿದ್ದ ವಸ್ತು ಅಕಸ್ಮಾತ್ತಾಗಿ ಗಂಟಲಿಗಿಳಿದರೆ ನಿಮ್ಮ ಮನಸ್ಸಿಗೆ ಮೊದಲು ಬರುವುದೇನು? 'ಅಮ್ಮ ಬೈಯುತ್ತಾಳೆ, ಮೇಷ್ಟ್ರು ಗದರುತ್ತಾರೆ' ಎಂಬ ಹೆದರಿಕೆ, ಅಲ್ಲವೇ? ಹೀಗೆ ಹೆದರಿ ಸುಮ್ಮನಿರುವುದು ನುಂಗಿದ ವಸ್ತುವಿನಷ್ಟೇ ಅಪಾಯಕಾರಿ ಎಂಬುದು ನನ್ನ ಅಭಿಪ್ರಾಯ. ಏಕೆಂದು ನೋಡೋಣ.

ನುಂಗಿದ ವಸ್ತುಗಳೆಲ್ಲ ಒಂದೇ ಬಗೆಯವಲ್ಲ. ಹುಣಸೆ ಬೀಜ, ನಾಣ್ಯದಂಥವು ಜಠರ ತಲುಪಿದರೆ ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಮಲದೊಂದಿಗೆ ಹೊರಬರುತ್ತವೆ. ಆದರೆ ಗುಂಡಿಯಾಕಾರದ ಬಟನ್ ಸೆಲ್ ಹಾಗಲ್ಲ. ಆಟಿಕೆ, ರಿಮೋಟ್, ತೂಕದ ಯಂತ್ರಗಳಲ್ಲಿ ಬಳಸುವ ಲಿಥಿಯಂ ಸೆಲ್‌ಗಳಲ್ಲಿ ಒಂದು ಬಗೆ 20 ಮಿಲಿಮೀಟರ್ ಅಗಲ, 3 ವೋಲ್ಟ್. ಪುಟ್ಟ ಮಗುವಿನ ಅನ್ನನಾಳದಲ್ಲಿ ಅದು ಸುಲಭವಾಗಿ ಸಿಕ್ಕಿಕೊಳ್ಳುತ್ತದೆ.

ಆಗ ಏನಾಗುತ್ತದೆ? ಶಿಕ್ಷಕರ ಜೊತೆಗೂಡಿ ಮಾಡಿ ನೋಡಿ. ಅರಿಶಿನ ಹಚ್ಚಿದ ಕಾಗದವನ್ನು ಉಪ್ಪುನೀರಿನಲ್ಲಿ ತೋಯಿಸಿ. ಟಾರ್ಚಿನ ಎರಡು ಸೆಲ್‌ಗಳನ್ನು ಸಾಲಾಗಿ ಜೋಡಿಸಿ (ಇದೂ 3 ವೋಲ್ಟ್). ಎರಡು ತಂತಿಗಳ ತುದಿಗಳನ್ನು ಕಾಗದದ ಮೇಲೆ ತುಸು ದೂರದಲ್ಲಿಡಿ. ಋಣ ತುದಿಯ ಸುತ್ತ ಕಾಗದ ಕೆಂಪಾಗುತ್ತದೆ. ಅಂದರೆ ಅಲ್ಲಿ ಪ್ರತ್ಯಾಮ್ಲ ಉಂಟಾಗಿದೆ! ಅನ್ನನಾಳದ ಒದ್ದೆ ಗೋಡೆಯಲ್ಲಿಯೂ ಇದೇ ಕ್ರಿಯೆ ನಡೆದು ಗೋಡೆ ಸುಡುತ್ತದೆ. ಕೇವಲ 2 ಗಂಟೆಗಳಲ್ಲಿ ಗಂಭೀರ ಗಾಯವಾಗಬಹುದು. ಮುಂದೆ ರಂಧ್ರವಾಗಿ ಶ್ವಾಸನಾಳಕ್ಕೋ ದೊಡ್ಡ ರಕ್ತನಾಳಕ್ಕೋ ಹಾನಿ ತಟ್ಟಬಹುದು. ಇದರಿಂದ ಮಕ್ಕಳು ಸತ್ತದ್ದೂ ಇದೆ. ಆಟಿಕೆ ನಡೆಸಲಾರದ 'ಸತ್ತ' ಸೆಲ್‌ನಲ್ಲಿಯೂ ಇದಕ್ಕೆ ಸಾಕಾಗುವಷ್ಟು ವಿದ್ಯುತ್ ಉಳಿದಿರುತ್ತದೆ.

ಪುಟ್ಟ ಅಯಸ್ಕಾಂತಗಳೂ ಅಷ್ಟೇ. ಎರಡು ನುಂಗಿದರೆ ಕರುಳಿನ ಬೇರೆ ಬೇರೆ ಸುರುಳಿಗಳಲ್ಲಿದ್ದೇ ಒಂದನ್ನೊಂದು ಸೆಳೆಯುತ್ತವೆ. ನಡುವೆ ಸಿಕ್ಕ ಕರುಳಿನ ಗೋಡೆಗೆ ರಕ್ತ ಹರಿಯದೆ ತೂತು ಬೀಳಬಹುದು.

ಮೊದಮೊದಲು ನೋವೇ ಇಲ್ಲದಿರಬಹುದು. ಆದ್ದರಿಂದ 'ನೋವಾದರೆ ಹೇಳಿದರಾಯಿತು' ಎಂದು ಕಾಯುವುದು ತಪ್ಪು. ಏನು ನುಂಗಿದಿರಿ, ಎಷ್ಟು, ಯಾವಾಗ ಎಂಬುದನ್ನು ಕೂಡಲೇ ಹಿರಿಯರಿಗೆ ತಿಳಿಸಿ. ಅಂಥದೇ ಇನ್ನೊಂದು ಸೆಲ್ ಇದ್ದರೆ ಆಸ್ಪತ್ರೆಗೆ ಒಯ್ಯಿರಿ. ಎಕ್ಸ್-ರೇ ತೆಗೆದು ಅದು ಎಲ್ಲಿದೆ ಎಂದು ವೈದ್ಯರು ಪತ್ತೆಮಾಡುತ್ತಾರೆ. ಒಳಗೆ ತಳ್ಳಲೆಂದು ಬಾಳೆಹಣ್ಣು, ಅನ್ನದ ಉಂಡೆ ನುಂಗಬೇಡಿ. ಬೆರಳು ಹಾಕಿ ವಾಂತಿ ಮಾಡಲೂಬೇಡಿ. ವಾಹನ ಸಿಗದಿದ್ದರೆ 108ಕ್ಕೆ ಕರೆ ಮಾಡಿಸಿ.

ಮಾತು ಬಾರದ ತಮ್ಮ, ತಂಗಿಯರ ಪರವಾಗಿ ಹೇಳಬೇಕಾದವರೂ ನೀವೇ. ಆಟಿಕೆಯ ಸೆಲ್ ಕಾಣೆಯಾಗಿ ಮಗು ಜೊಲ್ಲು ಸುರಿಸುತ್ತಾ ಊಟ ಬೇಡವೆಂದರೆ ಅನುಮಾನಪಡಿ.

ಹಿರಿಯರಲ್ಲಿಯೂ ಒಂದು ಮನವಿ: ಮಗು ಬಂದು ಹೇಳಿದಾಗ ಬೈಯಬೇಡಿ. ಬೈದರೆ ಇನ್ನೊಂದು ಮಗು ಹೇಳದೆ ಉಳಿದೀತು. ವಿದ್ಯಾರ್ಥಿಗಳೇ, ಈ ಪುಟವನ್ನು ಇಂದು ಮನೆಯಲ್ಲಿ ಗಟ್ಟಿಯಾಗಿ ಓದಿ ಹೇಳುವಿರಲ್ಲವೇ?