ಕಟ್ಟಡ ಕಟ್ಟಿಸುವವರಲ್ಲಿ ಮನವಿ: ಅಪಘಾತದ ಹೊಣೆ ಮೊದಲೇ ನಿಗದಿಯಾಗಲಿ

ಹೇರೂರು ಸೇರಿದಂತೆ ಸಿದ್ದಾಪುರ, ಶಿರಸಿ, ಯಲ್ಲಾಪುರ ತಾಲೂಕುಗಳಲ್ಲಿ ಮಳೆಗಾಲ ಕಳೆದ ಮೇಲೆ ಆರಂಭವಾಗಿ ಮುಂದಿನ ಮಳೆಯೊಳಗೆ ಮುಗಿಯಬೇಕಾದ ಮನೆ, ಗೋದಾಮು, ಅಡಿಕೆ ಒಣಗಿಸುವ ತಾರಸಿಗಳ ಕೆಲಸವನ್ನು ಒಬ್ಬನೇ ಗುತ್ತಿಗೆದಾರ ಪೂರ್ತಿಯಾಗಿ ಮಾಡುವುದು ಈಗ ವಿರಳ. ಮುಖ್ಯ ಗುತ್ತಿಗೆ ಹಿಡಿದವನು ಸೆಂಟ್ರಿಂಗ್ ಕೆಲಸವನ್ನು ಒಬ್ಬನಿಗೆ, ಕಬ್ಬಿಣ ಕಟ್ಟುವುದನ್ನು ಇನ್ನೊಬ್ಬನಿಗೆ, ಗಾರೆಯನ್ನು ಮತ್ತೊಬ್ಬ ಮೇಸ್ತ್ರಿಗೆ ವಹಿಸುತ್ತಾನೆ. ಕೆಲಸ ಕೈ ಬದಲಾದಂತೆ ಹೊಣೆಯೂ ಕೆಳಗೆ ಜಾರುತ್ತ ಹೋಗಿ, ಸಾರವೆ ಕುಸಿದ ದಿನ ಬಿದ್ದ ಆಳು ತಮ್ಮವನಲ್ಲವೆಂಬ ಮಾತು ಎಲ್ಲ ಕಡೆಯಿಂದಲೂ ಬರುತ್ತದೆ.

ಕಾನೂನು ಈ ಮಾತನ್ನು ಒಪ್ಪಿಲ್ಲ. 1923ರ ಕಾರ್ಮಿಕರ ಪರಿಹಾರ ಕಾಯ್ದೆಯ ತಿರುಳು ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯ ಏಳನೆಯ ಅಧ್ಯಾಯದಲ್ಲಿದ್ದು, ಆ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಕಟ್ಟಡ ಕಟ್ಟುವುದನ್ನೇ ವ್ಯವಹಾರವಾಗಿ ಮಾಡಿಕೊಂಡವನು ಅದರ ಒಂದು ಭಾಗವನ್ನು ಉಪಗುತ್ತಿಗೆಗೆ, ಅಂದರೆ ಗುತ್ತಿಗೆಯೊಳಗಿನ ಗುತ್ತಿಗೆಗೆ, ಕೊಟ್ಟರೂ ಆ ಆಳುಗಳ ಅಪಘಾತಕ್ಕೆ ಪರಿಹಾರ ಕೊಡುವ ಹೊಣೆ ಅವನಿಗೆ ತಪ್ಪುವುದಿಲ್ಲ. ಕೊಟ್ಟ ಹಣವನ್ನು ಉಪಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳುವ ಹಕ್ಕು ಮಾತ್ರ ಅವನಿಗಿದೆ. ಅಪಘಾತವಾದರೆ ತಾನು ಜವಾಬ್ದಾರನಲ್ಲವೆಂದು ಗುತ್ತಿಗೆದಾರರು ತಮ್ಮೊಳಗೆ ಬರೆದುಕೊಂಡ ಕರಾರು ಗಾಯಗೊಂಡವನನ್ನು ಕಟ್ಟಿಹಾಕಲಾರದು. ಆಳು ಕುಡಿದಿದ್ದನೆಂಬ ವಾದವೂ ಸಾವಿನ ಪ್ರಕರಣದಲ್ಲಿ ನಿಲ್ಲುವುದಿಲ್ಲ.

ಆದರೆ ಸ್ವಂತ ವಾಸಕ್ಕೆ ಮನೆ ಕಟ್ಟಿಸುವವರ ವಿಷಯದಲ್ಲಿ ಈ ರಕ್ಷಣೆ ಸಡಿಲವಾಗುತ್ತದೆ. ಮನೆ ಕಟ್ಟಿಸುವುದು ಅಡಿಕೆ ಬೆಳೆಗಾರನ ವ್ಯವಹಾರವಲ್ಲವಾದ್ದರಿಂದ, ಅವನು ನೇರವಾಗಿ ಮೇಸ್ತ್ರಿಗೆ ಗುತ್ತಿಗೆ ಕೊಟ್ಟಾಗ ಆಳುಗಳ ಮಾಲೀಕನೆಂದು ಕಾನೂನು ಕಾಣುವುದು ಸಾಮಾನ್ಯವಾಗಿ ಮೇಸ್ತ್ರಿಯನ್ನೇ. ಅವನಾದರೋ ಬಹುಪಾಲು ದಿನಗೂಲಿಯಿಂದಲೇ ಮೇಲೆ ಬಂದವನು, ಪರಿಹಾರದ ಆದೇಶವಾದರೂ ತೆರಲು ಕೈಯಲ್ಲಿ ಏನೂ ಇಲ್ಲದವನು. ಹಕ್ಕು ಕಾಗದದಲ್ಲಿ ಉಳಿದು ಕುಟುಂಬ ಬರಿಗೈಯಲ್ಲಿ ಊರಿಗೆ ಮರಳುವುದು ಇಂಥ ಕಡೆಯೇ, ಮತ್ತು ಈ ಮನವಿಯ ಮುಖ್ಯ ಕಾಳಜಿಯೂ ಇದೇ.

ಪರಿಹಾರದ ಮೊತ್ತ ಯಾರ ಕರುಣೆಗೂ ಬಿಟ್ಟದ್ದಲ್ಲ. ತಿಂಗಳ ವೇತನದ ಅರ್ಧವನ್ನು ವಯಸ್ಸಿಗೆ ಅನುಗುಣವಾಗಿ ನಿಗದಿಯಾದ ಗುಣಕದಿಂದ ಗುಣಿಸಬೇಕು. ವೇತನ 15,000 ರೂಪಾಯಿ, ವಯಸ್ಸು 30 ಎಂದು ಹಿಡಿದರೆ ಗುಣಕ 207.98 ಆಗಿ, ಮೃತನ ಅವಲಂಬಿತರಿಗೆ ಸಲ್ಲಬೇಕಾದದ್ದು 15,59,850 ರೂಪಾಯಿ. ಊರ ಹಿರಿಯರ ಮುಂದೆ ಅಲ್ಪ ಹಣ ಕೊಟ್ಟು ಬರೆಸಿಕೊಳ್ಳುವ ರಾಜಿಪತ್ರಕ್ಕೆ ಇಲ್ಲಿ ಬೆಲೆಯಿಲ್ಲ, ಏಕೆಂದರೆ ಸಾವಿನ ಪರಿಹಾರವನ್ನು ಸಕ್ಷಮ ಪ್ರಾಧಿಕಾರದಲ್ಲಿಯೇ ಠೇವಣಿ ಇಡಬೇಕು. ಒಡಿಶಾದ ಚಿತ್ರಮಂದಿರವೊಂದರಲ್ಲಿ ಅಲಂಕಾರದ ಕೆಲಸ ಮಾಡುತ್ತಿದ್ದಾಗ ಬಿದ್ದು ಎಡಗೈ ಕಳೆದುಕೊಂಡ ಬಡಗಿಯ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 1975ರಲ್ಲಿಯೇ ಎರಡು ಮಾತು ಸ್ಪಷ್ಟಪಡಿಸಿದೆ: ಒಂದೇ ಕೈಯಿಂದ ಬಡಗಿ ಬಡಗಿಯಾಗಿ ದುಡಿಯಲಾರನಾದ್ದರಿಂದ ಅದು ಪೂರ್ಣ ಅಂಗವೈಕಲ್ಯ, ಪರಿಹಾರ ಸಲ್ಲಬೇಕಾಗುವುದು ಅಪಘಾತದ ದಿನದಿಂದಲೇ.

ದಂಡನೆಯ ಹೊಣೆ ಇದರಿಂದ ಬೇರೆ. 2019ರ ಮಾರ್ಚ್ 19ರಂದು ಪಕ್ಕದ ಧಾರವಾಡದ ಕುಮಾರೇಶ್ವರ ನಗರದಲ್ಲಿ ನಿರ್ಮಾಣದ ಹಂತದಲ್ಲಿದ್ದ ಕಟ್ಟಡ ಕುಸಿದು 19 ಜನ ಸತ್ತರು. ಈಗಿನ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮಿನಂತೆ ನಿರ್ಲಕ್ಷ್ಯದಿಂದ ಸಾವಿಗೆ ಕಾರಣರಾದವರಿಗೆ ಐದು ವರ್ಷದವರೆಗೆ ಸೆರೆವಾಸವಿದೆ.

ಆದ್ದರಿಂದ ಈ ಮೂರು ತಾಲೂಕುಗಳ ನಾಗರಿಕರಲ್ಲಿ ಕಳಕಳಿಯ ಕೋರಿಕೆ ಇದು: ಕೆಸರುಗಲ್ಲು ಹಾಕುವ ಮೊದಲೇ ಯಾರ ಆಳು ಯಾರ ಹೊಣೆ ಎಂಬುದನ್ನು ಲಿಖಿತ ಕರಾರಿನಲ್ಲಿ ಸೇರಿಸಬೇಕು; ಕೆಲಸ ಮುಗಿಯುವವರೆಗೆ ಕಾರ್ಮಿಕರ ಪರಿಹಾರ ವಿಮೆ ಮಾಡಿಸಿ, ಅದರಲ್ಲಿ ಉಪಗುತ್ತಿಗೆದಾರರ ಆಳುಗಳೂ ಸೇರಿದ್ದಾರೆಯೇ ಎಂದು ನೋಡಬೇಕು, ಏಕೆಂದರೆ ಪ್ರತ್ಯೇಕವಾಗಿ ಕೇಳಿ ಸೇರಿಸದಿದ್ದರೆ ಅವರು ಹೊರಗೇ ಉಳಿಯುವ ಸಂಭವವಿದೆ. ವಿಮೆಯ ಕಂತು ಮೇಸ್ತ್ರಿಗೆ ಭಾರವಾದರೆ ಮನೆಯ ಯಜಮಾನರೇ ಅದನ್ನು ಕಟ್ಟಡದ ಅಂದಾಜಿಗೆ ಸೇರಿಸಿಕೊಳ್ಳುವುದು ನ್ಯಾಯ. 18ರಿಂದ 60 ವರ್ಷದೊಳಗಿನ, ಹಿಂದಿನ ಒಂದು ವರ್ಷದಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದ ಯಾರೇ ಆದರೂ ರಾಜ್ಯದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದಾಗಿದ್ದು, ಅದಕ್ಕೆ ಬೇಕಾದ ಕೆಲಸದ ದೃಢೀಕರಣಕ್ಕೆ ಸಹಿ ಹಾಕಲು ಕಟ್ಟಿಸುವವರೂ ಗುತ್ತಿಗೆದಾರರೂ ಹಿಂಜರಿಯಬಾರದು.