ಮೊದಲ ಗಡ್ಡ: ಬ್ಲೇಡೋ, ಶೇವರೋ?

ಪಿ.ಯು.ಸಿ. ಎರಡನೇ ವರ್ಷದ ಹುಡುಗ. ಮಾರನೆಯ ದಿನ ಕಾಲೇಜಿನಲ್ಲಿ ಫೋಟೊ ತೆಗೆಯುತ್ತಾರೆ. ಅಪ್ಪ ಕೆಲಸಕ್ಕೆ ಹೋಗುವುದನ್ನೇ ಕಾದಿದ್ದು, ಬಚ್ಚಲುಮನೆಯ ಬಾಗಿಲು ಹಾಕಿಕೊಂಡು, ಕಿಟಕಿಯ ಮೇಲಿದ್ದ ಅಪ್ಪನ ರೇಜರ್ ಕೈಗೆತ್ತಿಕೊಳ್ಳುತ್ತಾನೆ. ಸ್ನಾನದ ಸೋಪನ್ನೇ ಕೆನ್ನೆಗೆ ಉಜ್ಜಿ, ಕೆಳಗಿನಿಂದ ಮೇಲಕ್ಕೆ ಒತ್ತಿ ಒತ್ತಿ ಎಳೆಯುತ್ತಾನೆ. ಗಡ್ಡವೇನೋ ಹೋಯಿತು, ಜೊತೆಗೆ ಮೂರು ಮೊಡವೆಗಳ ತಲೆಯೂ ಹೋಯಿತು. ಸಂಜೆಯ ಹೊತ್ತಿಗೆ ಕುತ್ತಿಗೆಯ ತುಂಬ ಕೆಂಪು ಗುಳ್ಳೆ, ಉರಿ. ಅಮ್ಮ ಅರಿಶಿನ ಹಚ್ಚು ಎನ್ನುತ್ತಾಳೆ. ಅಪ್ಪ, ತಮ್ಮ ಕಾಲದಲ್ಲಿ ಇಂಥ ನಾಜೂಕೆಲ್ಲ ಇರಲಿಲ್ಲ ಎನ್ನುತ್ತಾರೆ. ಗೆಳೆಯ, ಎಲೆಕ್ಟ್ರಿಕ್ ಶೇವರ್ ಕೊಂಡುಬಿಡು ಎನ್ನುತ್ತಾನೆ. ಔಷಧಿ ಅಂಗಡಿಯಾತ ಏನೂ ಕೇಳದೆ ಒಂದು ಟ್ಯೂಬು ಕೊಡುತ್ತಾನೆ. ಇಷ್ಟರಲ್ಲಿ ಹುಡುಗನ ಮುಖಕ್ಕೆ ನಿಜವಾದ ಕೇಡು ಮಾಡಬಲ್ಲದ್ದು ಆ ಟ್ಯೂಬು. ಆ ಮಾತು ಮುಂದೆ.

ಶೇವರ್ ಕೊಳ್ಳಬೇಕೆ, ಬ್ಲೇಡಿನಲ್ಲೇ ಇರಬೇಕೆ ಎಂಬ ಪ್ರಶ್ನೆಗೆ ಜಾಹೀರಾತುಗಳಲ್ಲಿ ಉತ್ತರ ಹುಡುಕಿ ಪ್ರಯೋಜನವಿಲ್ಲ. ಅಲ್ಲಿ ಎರಡೂ ಪರಮ ಶ್ರೇಷ್ಠ. ನೋಡಬೇಕಾದ್ದು ಕೂದಲನ್ನು, ಅದು ಹುಟ್ಟುವ ಚರ್ಮವನ್ನು.

ಗಡ್ಡದ ಕೂದಲಿನ ದಪ್ಪ ಸುಮಾರು 0.1 ಮಿಲಿಮೀಟರ್. ಒಣಗಿದ್ದಾಗ ತಂತಿಯಂತೆ ಗಡುಸು. ಎರಡು-ಮೂರು ನಿಮಿಷ ನೆನೆದರೆ ನೀರು ಹೀರಿ, ಉಬ್ಬಿ, ಮೆತ್ತಗಾಗುತ್ತದೆ. ಬ್ಲೇಡಿನ ಉಕ್ಕು ಕೂದಲಿಗಿಂತ ಸುಮಾರು 50 ಪಟ್ಟು ಗಟ್ಟಿ. ಆದರೂ ಕೆಲವೇ ದಿನಗಳಲ್ಲಿ ಬ್ಲೇಡು ಮೊಂಡಾಗುವುದೇಕೆ? ಅಮೆರಿಕದಲ್ಲಿ ಎಂ.ಐ.ಟಿ. ಎಂದೇ ಹೆಸರಾದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ಸಂಶೋಧನಾ ವಿದ್ಯಾರ್ಥಿ ಜಿಯಾನ್‌ಲುಕಾ ರೊಶೋಲಿ ಇದಕ್ಕೆ ಉತ್ತರ ಹುಡುಕಲು ತನ್ನ ಮುಖವನ್ನೇ ಪ್ರಯೋಗಕ್ಕೆ ಒಡ್ಡಿದ. ಪ್ರತಿ ಸಲ ಗಡ್ಡ ಹೆರೆದುಕೊಂಡ ಮೇಲೆ ಬ್ಲೇಡನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದ. ಅಂಚು ಸವೆದು ಗುಂಡಗಾಗಿರಲಿಲ್ಲ. ಅಲ್ಲಲ್ಲಿ ಚೂರು ಹಾರಿ ಮುಕ್ಕಾಗಿತ್ತು. ಕೂದಲು ಬಾಗಿ ಬ್ಲೇಡಿಗೆ ಓರೆಯಾಗಿ ತಾಗಿದಾಗ, ಉಕ್ಕಿನ ಒಳರಚನೆ ಎಲ್ಲಿ ಒಂದೇ ಸಮ ಇರುವುದಿಲ್ಲವೋ ಅಲ್ಲಿ ಅಂಚು ಮುಕ್ಕಾಗುತ್ತದೆ ಎಂದು ಅವನ ತಂಡ 2020ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿತು. ಬಚ್ಚಲುಮನೆಯ ಕೆಲಸವೂ ಸಂಶೋಧನೆಯಾಗಬಹುದು ಎನ್ನಿ.

ಮುಕ್ಕಾದ ಬ್ಲೇಡು ಕೂದಲನ್ನು ಕತ್ತರಿಸುವ ಬದಲು ಜಗ್ಗುತ್ತದೆ. ಆಗ ಕೈ ತಾನಾಗಿಯೇ ಹೆಚ್ಚು ಒತ್ತುತ್ತದೆ. ಚರ್ಮದ ಹೊರಗಿನ ತೆಳು ಪದರ, ಅಂದರೆ ಒಳಗಿನ ತೇವವನ್ನು ಕಾಯುವ ಬೇಲಿ, ಕೂದಲಿನ ಜೊತೆಗೇ ಹೆರೆದುಹೋಗುತ್ತದೆ. ಕ್ಷೌರದ ಉರಿ ಎಂದರೆ ಇದೇ. ಸೂಕ್ಷ್ಮ ಚರ್ಮದವರಲ್ಲಿ, ಮೊಡವೆಗೆ ಔಷಧಿ ಹಚ್ಚಿ ಚರ್ಮ ಒಣಗಿಸಿಕೊಂಡವರಲ್ಲಿ ಇದು ಬೇಗ ಕಾಣಿಸಿಕೊಳ್ಳುತ್ತದೆ. ಕಪ್ಪು, ಕಂದು ಬಣ್ಣದ ಚರ್ಮಕ್ಕೆ ಇನ್ನೊಂದು ತೊಂದರೆ ಉಂಟು: ಉರಿ ಎರಡು ದಿನದಲ್ಲಿ ಹೋದರೂ ಗುಳ್ಳೆ ಇದ್ದ ಜಾಗದಲ್ಲಿ ಉಳಿದ ಕಪ್ಪು ಕಲೆ ತಿಂಗಳುಗಟ್ಟಲೆ ಹೋಗುವುದಿಲ್ಲ. ಹದಿನೇಳರ ಹುಡುಗನಿಗೆ ಅದು ಸಣ್ಣ ಸಂಗತಿಯಲ್ಲ. ಹೆತ್ತವರು ನಕ್ಕುಬಿಡುವುದು ಸುಲಭ. ತರಗತಿಯ ಹಿಂದಿನ ಬೆಂಚಿಗೆ ಸರಿದು ಕೂರುವವನು ಅವನು.

ಬ್ಲೇಡುಗಳ ಸಂಖ್ಯೆ ಹೆಚ್ಚಿದಷ್ಟೂ ಮುಖಕ್ಕೆ ಹಿತ ಎಂಬ ನಂಬಿಕೆಯನ್ನು ಕಂಪನಿಗಳು ಚೆನ್ನಾಗಿ ಬೆಳೆಸಿವೆ. ಜಿಲೆಟ್ ಕಂಪನಿ 1971ರಲ್ಲಿ ಎರಡು ಬ್ಲೇಡಿನ ರೇಜರ್ ತಂದಿತು, 1998ರಲ್ಲಿ ಮೂರು ಬ್ಲೇಡಿನದು, 2006ರಲ್ಲಿ ಐದು ಬ್ಲೇಡಿನದು. ಉಪಾಯ ಜಾಣತನದ್ದೇ. ಮೊದಲ ಬ್ಲೇಡು ಕೂದಲನ್ನು ತುಸು ಮೇಲಕ್ಕೆ ಎಳೆಯುತ್ತದೆ, ಅದು ಹಿಂದಕ್ಕೆ ಸರಿಯುವ ಮೊದಲೇ ಎರಡನೆಯದು ಕತ್ತರಿಸುತ್ತದೆ. ತುದಿ ಚರ್ಮದ ಮಟ್ಟಕ್ಕಿಂತ ಕೆಳಗೆ ಇಳಿದು ಕೆನ್ನೆ ರೇಷ್ಮೆಯಂತಾಗುತ್ತದೆ. ನೆಟ್ಟಗಿನ ಕೂದಲಿನವರಿಗೆ ಚಿಂತೆಯಿಲ್ಲ. ಗುಂಗುರು ಕೂದಲಿನವರಿಗೆ ತೊಂದರೆ ಶುರುವಾಗುವುದೇ ಇಲ್ಲಿ: ಕೆಳಗೆ ಇಳಿದ ಚೂಪು ತುದಿ ಮತ್ತೆ ಬೆಳೆಯುವಾಗ ಹೊರಗೆ ಬರುವ ಬದಲು ಪಕ್ಕದ ಚರ್ಮವನ್ನೇ ಚುಚ್ಚಿ ಒಳಗೆ ಹೋಗುತ್ತದೆ. ದೇಹ ಅದನ್ನು ಮುಳ್ಳು ಎಂದೇ ಬಗೆದು ಗುಳ್ಳೆ ಎಬ್ಬಿಸುತ್ತದೆ. ಕುತ್ತಿಗೆಯ ಮೇಲೆ ಇದು ಹೆಚ್ಚು. ಮೊಡವೆ ಎಂದು ತಿಳಿದು ಅದರ ಮೇಲೆಯೇ ಮತ್ತೆ ರೇಜರ್ ಎಳೆಯುವವರು ಅನೇಕರು.

ಇದೇ ಕಂಪನಿಯ ಇನ್ನೊಂದು ಕಥೆ ವಿದ್ಯಾರ್ಥಿಗಳಿಗೆ ರುಚಿಸಬಹುದು. 2002ರಲ್ಲಿ ಭಾರತಕ್ಕೆಂದು ಒಂದು ರೇಜರ್ ತರುವ ಮುನ್ನ ಅದನ್ನು ಎಂ.ಐ.ಟಿ.ಯಲ್ಲಿ ಓದುತ್ತಿದ್ದ ಭಾರತೀಯ ವಿದ್ಯಾರ್ಥಿಗಳಿಗೆ ಕೊಟ್ಟು ಪರೀಕ್ಷಿಸಿದರಂತೆ. ಎಲ್ಲರೂ ಮೆಚ್ಚಿದರು. ಇಲ್ಲಿ ಬಂದರೆ ಸೋತಿತು. ಕಾರಣ, ಅಲ್ಲಿಯ ವಿದ್ಯಾರ್ಥಿಗಳಿಗೆ ನಲ್ಲಿಯಲ್ಲಿ ಧಾರಾಳ ನೀರು. ಇಲ್ಲಿಯವರು ಒಂದು ಲೋಟ ನೀರು ಮುಂದಿಟ್ಟುಕೊಂಡು ಕೂರುವವರು. ಲೋಟದಲ್ಲಿ ಅಲ್ಲಾಡಿಸಿದರೆ ಬ್ಲೇಡುಗಳ ನಡುವೆ ಸಿಕ್ಕ ಕೂದಲು ಹೋಗಲಿಲ್ಲ. ಪಾಠ ಕಲಿತ ಕಂಪನಿ 2010ರಲ್ಲಿ ಒಂದೇ ಬ್ಲೇಡಿನ ರೇಜರನ್ನು 15 ರೂಪಾಯಿಗೆ, ಬದಲಿ ಬ್ಲೇಡನ್ನು 5 ರೂಪಾಯಿಗೆ ತಂದಿತು. ಸೂಕ್ಷ್ಮ ಚರ್ಮದ ಹುಡುಗನಿಗೂ ಒಂದೇ ಬ್ಲೇಡಿನದು ಸಾಕು, ಅಷ್ಟೇ ಅಲ್ಲ, ಮೇಲು.

ಇನ್ನು ಎಲೆಕ್ಟ್ರಿಕ್ ಶೇವರ್. ಇದು ಹೊಸ ವಸ್ತುವೇನಲ್ಲ. ಅಮೆರಿಕದ ಸೇನೆಯಲ್ಲಿದ್ದ ಜೇಕಬ್ ಶಿಕ್ ತಮ್ಮ ಶೇವರನ್ನು ಮಾರುಕಟ್ಟೆಗೆ ತಂದದ್ದು 1931ರಲ್ಲಿ. ಹಾಲೆಂಡಿನ ಫಿಲಿಪ್ಸ್ ಕಂಪನಿಯಲ್ಲಿ ಅಲೆಕ್ಸಾಂಡರ್ ಹೊರೊವಿಟ್ಜ್ ರೂಪಿಸಿದ, ಗಿರಗಿರನೆ ತಿರುಗುವ ತಲೆಯ ಶೇವರ್ 1939ರಲ್ಲಿ ಬಂತು. ಜರ್ಮನಿಯ ಬ್ರೌನ್ ಕಂಪನಿಯ ಫಾಯಿಲ್ ಶೇವರ್ 1950ರಲ್ಲಿ. ಇಂದಿಗೂ ಮುಖ್ಯವಾಗಿ ಇವೆರಡೇ ಜಾತಿ. ಫಾಯಿಲ್ ಎಂದರೆ ಜರಡಿಯಂಥ ತೆಳು ಲೋಹದ ಹಾಳೆ. ಅದರ ತೂತುಗಳೊಳಗೆ ಇಣುಕಿದ ಕೂದಲನ್ನು ಕೆಳಗೆ ಅತ್ತಿತ್ತ ಓಡುವ ಕತ್ತಿಗಳು ತುಂಡರಿಸುತ್ತವೆ. ಕತ್ತಿ ನೇರವಾಗಿ ಚರ್ಮಕ್ಕೆ ತಾಗುವುದಿಲ್ಲವಾದ್ದರಿಂದ ಗಾಯವಾಗುವುದು ಕಡಿಮೆ. ಕೂದಲು ಚರ್ಮಕ್ಕಿಂತ ಕೂದಲೆಳೆಯಷ್ಟು ಮೇಲೆ ಉಳಿಯುವುದರಿಂದ ಒಳಗೆ ಚುಚ್ಚಿಕೊಳ್ಳುವುದೂ ಕಡಿಮೆ. ನುಣುಪು ಸಾಲದು ಎಂದು ದೂರುವವರು ಈ ಲಾಭವನ್ನು ಮರೆಯುತ್ತಾರೆ.

ಆದರೆ ಶೇವರ್ ಕೊಂಡ ಮಾತ್ರಕ್ಕೆ ಮುಖ ತಣ್ಣಗಾಗುವುದಿಲ್ಲ. ಸಾಧಾರಣ ಶೇವರ್‌ಗೆ ಮುಖ ಪೂರ್ತಿ ಒಣಗಿರಬೇಕು. ಬೆವರಿನಲ್ಲಿ ಒದ್ದೆಯಾದ ಕೆನ್ನೆಯ ಮೇಲೆ ಫಾಯಿಲ್ ಜಾರದೆ ಅಂಟಿ ಉಜ್ಜುತ್ತದೆ. ಮಂಗಳೂರಿನ ಸೆಕೆಯಲ್ಲಿ ಇದು ದಿನದ ಕಷ್ಟ. ನುಣುಪಿನ ಆಸೆಗೆ ಒತ್ತಿ ಒತ್ತಿ ತಿಕ್ಕಿದರೆ ಬಿಸಿಯಾದ ಲೋಹವೇ ಚರ್ಮ ಕೆಂಪಾಗಿಸುತ್ತದೆ. ಒಂದು ವಾರ ಬಿಟ್ಟು ಉದ್ದವಾದ ಗಡ್ಡಕ್ಕೆ ಹಿಡಿದರೆ ಕತ್ತರಿಸದೆ ಕೀಳುತ್ತದೆ. ಒಳಗೆ ಸೇರಿದ ಕೂದಲು, ಜಿಡ್ಡು ತೆಗೆಯದಿದ್ದರೆ ರೋಗಾಣುಗಳ ಗೂಡು. ಅನೇಕ ಫಾಯಿಲ್‌ಗಳಲ್ಲಿ ನಿಕಲ್ ಇರುವುದರಿಂದ, ಗಡಿಯಾರದ ಪಟ್ಟಿ, ಬೆಲ್ಟಿನ ಬಕಲ್ ತಾಗಿದಲ್ಲಿ ತುರಿಕೆ ಏಳುವವರು ಎಚ್ಚರದಿಂದಿರಬೇಕು. ಚರ್ಮ ಒಗ್ಗಿಕೊಳ್ಳಲು ಎರಡು-ಮೂರು ವಾರ ಹಿಡಿಯುತ್ತದೆ. ನಾಲ್ಕೇ ದಿನದಲ್ಲಿ ಬೇಸತ್ತು ಕಪಾಟಿಗೆ ಸೇರಿಸಿದ ಶೇವರ್‌ಗಳು ಎಷ್ಟೋ.

ಹಾಗಾದರೆ ಯಾರಿಗೆ ಯಾವುದು? ಗುಂಗುರು ಗಡ್ಡ, ಕುತ್ತಿಗೆಯಲ್ಲಿ ಮೇಲಿಂದ ಮೇಲೆ ಗುಳ್ಳೆ ಇರುವವರಿಗೆ ಶೇವರ್, ಇನ್ನೂ ಒಳ್ಳೆಯದೆಂದರೆ ಒಂದು ಮಿಲಿಮೀಟರ್ ಕೂದಲು ಉಳಿಸುವ ಟ್ರಿಮ್ಮರ್. ಎನ್.ಸಿ.ಸಿ. ಪರೇಡಿಗೆ ಹೋಗುವವರಿಗೆ ಈ ಕೊನೆಯ ಸೌಲಭ್ಯ ಕಷ್ಟವೇ. ಚರ್ಮ ಬರಿದೇ ಒಣಗಿ ಚುರುಗುಟ್ಟುವವರಿಗೆ ನೊರೆ ಹಚ್ಚಿ ಹರಿತವಾದ ಒಂದೇ ಬ್ಲೇಡಿನಿಂದ ಹೆರೆಯುವುದು ಹೆಚ್ಚು ಹಿತ. ಮೊಡವೆ ಇರುವವರಿಗೆ ಇಂಥದ್ದೇ ಎಂದು ವಿಧಿಸುವಂತಿಲ್ಲ; ಎರಡನ್ನೂ ಬಳಸಿ ನೋಡಿ ಎಂಬುದೇ ಅಮೆರಿಕದ ಚರ್ಮವೈದ್ಯರ ಅಕಾಡೆಮಿಯ ಸಲಹೆ. ಅಪ್ಪನಿಗೋ ಚಿಕ್ಕಪ್ಪನಿಗೋ ಶೇವರ್ ಇದ್ದರೆ ಅದನ್ನೇ ಎರವಲು ಪಡೆದು ಪರೀಕ್ಷಿಸುವುದು ಮಾತ್ರ ಬೇಡ. ಸಾವಿರಗಟ್ಟಲೆ ಹಣ ಹಾಕುವ ಮೊದಲು ಕೆಲವು ರೂಪಾಯಿಯ ಬ್ಲೇಡನ್ನು ಸರಿಯಾಗಿ ಬಳಸಿ ನೋಡುವುದು ಜಾಣತನ. ಏಕೆಂದರೆ ಬಹಳಷ್ಟು ಹುಡುಗರ ತೊಂದರೆ ಬ್ಲೇಡಿನದಲ್ಲ, ಅವಸರದ್ದು.

ಸ್ನಾನದ ನಂತರ ಹೆರೆಯಬೇಕು, ಮೊದಲಲ್ಲ. ಕೂದಲು ಬೆಳೆದ ದಿಕ್ಕಿನಲ್ಲೇ ರೇಜರ್ ಸಾಗಬೇಕು. ಕುತ್ತಿಗೆಯ ಮೇಲೆ ಆ ದಿಕ್ಕು ಒಬ್ಬೊಬ್ಬರಲ್ಲಿ ಒಂದೊಂದು, ಬೆರಳಾಡಿಸಿ ತಿಳಿಯಬೇಕು. ಚರ್ಮವನ್ನು ಎಳೆದು ಹಿಡಿಯಬಾರದು. ಐದರಿಂದ ಏಳು ಸಲಕ್ಕೆ ಬ್ಲೇಡು ಬದಲಿಸಬೇಕು. ಮೊಡವೆಯ ಮೇಲೆ ಹಗುರವಾಗಿ ಒಂದೇ ಸಲ, ಕೀವು ತುಂಬಿದ್ದರೆ ಸುತ್ತುಹಾಕಿ. ಕೋಲಾರದ ಕಡೆಯ ಬೋರ್‌ವೆಲ್ಲಿನಂಥ ಗಡಸು ನೀರಿನಲ್ಲಿ ಸೋಪು ನೊರೆ ಕಟ್ಟುವ ಬದಲು ಮಡ್ಡಿಯಾಗುತ್ತದೆ. ಅಂಥಲ್ಲಿ ಗಡ್ಡಕ್ಕೆ ಮಾತ್ರ ಒಂದು ಲೋಟ ಸಿಹಿನೀರು ಎತ್ತಿಟ್ಟುಕೊಳ್ಳಬಹುದು. ಕೊನೆಗೆ ತಣ್ಣೀರು, ವಾಸನೆಯಿಲ್ಲದ ಸಾದಾ ಲೇಪ. ಸ್ಫಟಿಕದ ಬಿಲ್ಲೆ ರಕ್ತ ನಿಲ್ಲಿಸುತ್ತದೆ ನಿಜ, ಆದರೆ ಮುಖಕ್ಕೆಲ್ಲ ತಿಕ್ಕಿದರೆ ಒಣ ಚರ್ಮ ಇನ್ನಷ್ಟು ಒಣಗುತ್ತದೆ. ಮೂಗಿಗೆ ಘಮ್ಮೆನ್ನುವ ಸ್ಪಿರಿಟ್ಟಿನ ಲೋಷನ್ನುಗಳ ‘ಚುರುಕು’ ಶುದ್ಧಿಯ ಗುರುತಲ್ಲ, ಉರಿಯ ಗುರುತು.

ಈಗ ಆ ಟ್ಯೂಬಿನ ಮಾತು. ಬೆಟಾಮೆಥಸೋನ್, ಕ್ಲೊಬೆಟಸೋಲ್, ಮೊಮೆಟಸೋನ್ ಎಂಬ ಹೆಸರುಗಳು ಪೆಟ್ಟಿಗೆಯ ಮೇಲೆ ಸಣ್ಣ ಅಕ್ಷರದಲ್ಲಿರುತ್ತವೆ. ಇವು ಸ್ಟೀರಾಯ್ಡ್‌ಗಳು. ಹಚ್ಚಿದ ಮರುದಿನವೇ ಕೆಂಪು ಮಾಯ. ಹುಡುಗನಿಗೆ ಖುಷಿ, ಪ್ರತಿ ಕ್ಷೌರದ ನಂತರ ಹಚ್ಚತೊಡಗುತ್ತಾನೆ. ಕೆಲವು ತಿಂಗಳಲ್ಲಿ ಚರ್ಮ ತೆಳುವಾಗಿ, ಬಿಸಿಲಿಗೆ ಹೋದರೆ ಮುಖ ಕೆಂಡವಾಗುತ್ತದೆ, ಮೊಡವೆ ಹೊಸದಾಗಿ ಏಳುತ್ತದೆ. ನಿಲ್ಲಿಸಿದರೆ ಮೊದಲಿಗಿಂತ ಹೆಚ್ಚು ಉರಿ. ಹಾಗಾಗಿ ನಿಲ್ಲಿಸುವುದೂ ಇಲ್ಲ. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ನಿಯಮ ಬಿಗಿಗೊಳಿಸಿತು. ಮಗನ ಮೇಜಿನ ಮೇಲಿರುವ ಟ್ಯೂಬಿನ ಸಣ್ಣ ಅಕ್ಷರಗಳನ್ನು ತಾಯಿ ಒಮ್ಮೆ ಓದಿ ನೋಡುವುದರಲ್ಲಿ ತಪ್ಪಿಲ್ಲ. ಆಗಲೇ ತಿಂಗಳುಗಟ್ಟಲೆ ಹಚ್ಚಿದ್ದರೆ ಗದರಿಸಿ ಎಸೆಯುವ ಬದಲು ಚರ್ಮವೈದ್ಯರ ಬಳಿ ಕರೆದೊಯ್ಯಬೇಕು.

ಹಾಸ್ಟೆಲಿನ ಹುಡುಗರಿಗೆ ಇನ್ನೊಂದು ಮಾತು. ‘ಲೋ, ರೇಜರ್ ಕೊಡೋ’ ಎಂಬುದು ಗೆಳೆತನದ ಗುರುತು ಎಂದು ಭಾವಿಸುವ ಕೋಣೆಗಳಿವೆ. ಕಣ್ಣಿಗೆ ಕಾಣದಷ್ಟು ರಕ್ತ ಬ್ಲೇಡಿನಲ್ಲಿದ್ದರೂ ಸಾಕು, ಹೆಪಟೈಟಿಸ್ ಬಿ ರೋಗಾಣು ದೇಹದ ಹೊರಗೆ ಏಳು ದಿನವಾದರೂ ಜೀವ ಹಿಡಿದಿರಬಲ್ಲದು. ಅದಕ್ಕೆ ಲಸಿಕೆ ಇದೆ, ಹೆಪಟೈಟಿಸ್ ಸಿ.ಗೆ ಇಲ್ಲ. ಮುಖದ ಮೇಲಿನ ಚಪ್ಪಟೆ ನರಹುಲಿಗಳೂ ರೇಜರ್ ಹೋದ ದಾರಿಯಲ್ಲೇ ಸಾಲಾಗಿ ಹಬ್ಬುತ್ತವೆ. ಕ್ಷೌರದಂಗಡಿಯಲ್ಲಿ ಹೊಸ ಬ್ಲೇಡನ್ನು ಕಣ್ಣೆದುರಿಗೇ ಮುರಿದು ಹಾಕಿಸಿಕೊಳ್ಳಲು ಸಂಕೋಚ ಬೇಡ. ಅಪ್ಪನ ರೇಜರ್ ಕೂಡ ಈ ಲೆಕ್ಕದಲ್ಲಿ ಪರರದೇ.

ಬೇಗ ಬೋಳಿಸಲು ಶುರುಮಾಡಿದರೆ ಗಡ್ಡ ದಪ್ಪಗೆ, ಕಪ್ಪಗೆ ಬರುತ್ತದೆ ಎಂದು ಹೆದರಿ ಮಗನನ್ನು ತಡೆಯುವ ತಾಯಂದಿರಿದ್ದಾರೆ. ಅದೇ ಆಸೆಗೆ ದಿನವೂ ಕೆನ್ನೆ ಹೆರೆದುಕೊಳ್ಳುವ ಮಕ್ಕಳೂ ಇದ್ದಾರೆ. ಅಮೆರಿಕದ ಅಂಗರಚನಾ ವಿಜ್ಞಾನಿ ಮಿಲ್ಡ್ರೆಡ್ ಟ್ರಾಟರ್ 1928ರಲ್ಲೇ ನಾಲ್ವರು ಗಂಡಸರ ಗಡ್ಡವನ್ನು ಅಳೆದು ನೋಡಿ, ಬೋಳಿಸುವುದರಿಂದ ಕೂದಲಿನ ದಪ್ಪವೂ ಬಣ್ಣವೂ ಬೆಳೆಯುವ ವೇಗವೂ ಬದಲಾಗುವುದಿಲ್ಲ ಎಂದು ತೋರಿಸಿದ್ದರು. ಕತ್ತರಿಸಿದ ತುದಿ ಮೊಂಡಾಗಿರುವುದರಿಂದ ಕೈಗೆ ಒರಟು ಎನಿಸುತ್ತದೆ, ಅಷ್ಟೆ.

ಆದ್ದರಿಂದ ಮೀಸೆ ಕುಡಿಯೊಡೆದ ಮಗನಿಗೆ ಅಪ್ಪ ಒಂದು ಸಾದಾ ರೇಜರ್, ಒಂದು ಕ್ರೀಮು, ಐದು ಬ್ಲೇಡು ತಂದುಕೊಟ್ಟು, ಒಂದು ಭಾನುವಾರ ಬೆಳಿಗ್ಗೆ ಕನ್ನಡಿಯ ಮುಂದೆ ಪಕ್ಕದಲ್ಲಿ ನಿಂತರೆ ಶೇವರ್‌ನ ಚರ್ಚೆಯನ್ನು ಆರು ತಿಂಗಳು ಮುಂದೂಡಬಹುದು. ಜೊತೆಗೆ ಮುಚ್ಚಳಕ್ಕೆ ಸೀಳು ಮಾಡಿದ ಹಳೆಯ ಡಬ್ಬಿಯೊಂದೂ ಇರಲಿ, ಹಳೆಯ ಬ್ಲೇಡು ಹಾಕಲು. ಕಾಗದದಲ್ಲಿ ಸುತ್ತದೆ ಕಸದಲ್ಲಿ ಎಸೆದ ಬ್ಲೇಡು ಬೆಳಿಗ್ಗೆ ಕಸ ಎತ್ತಲು ಬರುವವರ ಬೆರಳನ್ನು ಕೊಯ್ಯುತ್ತದೆ.