ಬೀಜಕ್ಕೆ ಬ್ಯಾಕಪ್ ಇಲ್ಲ ಸ್ವಾಮೀ...

ಬಹಳ ದಿನ ಆಯ್ತು ಈ ಕಡೆ ತಲೆ ಹಾಕಿ. ಆಫೀಸಲ್ಲಿ ರಿಲೀಸು, ಮನೇಲಿ ನೆಂಟರು. ಆದರೆ ಇವತ್ತು ಇದನ್ನ ಕುಟ್ಟದೇ ಇದ್ರೆ ನಿದ್ದೆ ಬರಲ್ಲ.

ಕಳೆದ ಭಾನುವಾರ ಮಳವಳ್ಳಿ ಕಡೆಯಿಂದ ದೊಡ್ಡಪ್ಪ ವಿಜಯನಗರದ ನಮ್ಮ ಮನೆಗೆ ಬಂದಿದ್ರು. ಪ್ರತಿವರ್ಷ ಹತ್ತು ಗುಂಟೆಯಲ್ಲಿ ರಾಜಮುಡಿ ಹಾಕ್ತಾರೆ. ಬೀಜ ಮನೇದೇ, ಅವರಪ್ಪನ ಕಾಲದಿಂದ ಬಂದದ್ದು. ಆಳು ಸಿಗಲ್ಲ, ಇಳುವರಿ ಕಮ್ಮಿ, ಈ ಸಲ ಕೈಬಿಡೋಣ ಅಂತ ಯೋಚನೆ ಅವರದು. ಅಲ್ಲೇ ಕೂತಿದ್ದ ಬಸವೇಶ್ವರನಗರದ ಗೆಳೆಯ (ಅವನೂ ನನ್ನ ಹಾಗೆ ಸಾಫ್ಟ್‌ವೇರಿನವನೇ) ಕಾಫಿ ಹೀರ್ತಾ ತೀರ್ಪು ಕೊಟ್ಟೇಬಿಟ್ಟ: "ಬಿಟ್ಬಿಡಿ ಅಂಕಲ್. ಭತ್ತದ ಜೀನೋಮ್ ಎಲ್ಲಾ ಓದಿ ಇಂಟರ್ನೆಟ್ಟಿಗೆ ಹಾಕಿದ್ದಾರೆ. ಬ್ಯಾಕಪ್ ಇದೆ. ಬೇಕಾದಾಗ ಮತ್ತೆ ಮಾಡ್ಕೋಬಹುದು."

ದೊಡ್ಡಪ್ಪ ನನ್ನ ಮುಖ ನೋಡಿ "ಔದೇನ್ಲಾ?" ಅಂದ್ರು. ನಾನು ಸುಮ್ಮನಿದ್ದೆ. ಆ ಸುಮ್ಮನಿದ್ದಿದ್ದಕ್ಕೆ ಈ ಬರಹ.

ಅವನು ಹೇಳಿದ್ದು ಪೂರಾ ಸುಳ್ಳೇನಲ್ಲ. 2005ರಲ್ಲಿ ಭತ್ತದ ಜೀನೋಮ್ ಪ್ರಕಟವಾಯ್ತು, ಸುಮಾರು 39 ಕೋಟಿ ಅಕ್ಷರ. 2014ರಲ್ಲಿ ಮೂರು ಸಾವಿರ ತಳಿಗಳ ಡೇಟಾ ಕೂಡ ಬಂತು. ಆದ್ರೆ ಆ ಮೂರು ಸಾವಿರವನ್ನ ಓದಿದ್ದು ಚೂರು ಚೂರಾಗಿ. ಒಂದೇ ಸಾಲು ನೂರು ಕಡೆ ಬಂದ್ರೆ ಯಾವ ಚೂರು ಎಲ್ಲಿಯದು ಅಂತ ಹೇಳೋದು ಕಷ್ಟ. 1972ರಲ್ಲಿ ಸುಸುಮು ಓನೊ ಪ್ರಚಾರಕ್ಕೆ ತಂದ "ಜಂಕ್ ಡಿಎನ್ಎ" ಅನ್ನೋ ಹಣೆಪಟ್ಟಿಯನ್ನ ಆಮೇಲಿನವರು ಇಂಥ ಸಾಲುಗಳಿಗೂ ಅಂಟಿಸಿದ್ರು. ಕಸ ಇಲ್ಲವೇ ಇಲ್ಲ ಅಂತ ನಾನು ವಾದಿಸ್ತಿಲ್ಲ. ಆದ್ರೆ ಓದದೇ ಕಸ ಅನ್ನೋದು ಯಾವ ಕೋಡ್ ರಿವ್ಯೂ?

ಪ್ರೋಟೀನ್ ಮಾಡದ ಸಣ್ಣ ಆರ್‌ಎನ್‌ಎಗಳಲ್ಲಿ ಬಹಳಷ್ಟು ಹುಟ್ಟೋದು ಈ "ಕಸ"ದಿಂದಲೇ. ಉದ್ದ 21ರಿಂದ 24 ಅಕ್ಷರ, ಅಷ್ಟೇ. ಕೆಲವು ಸಣ್ಣ ಆರ್‌ಎನ್‌ಎಗಳು ಜೀನಿನಿಂದ ಹೊರಟ ಸಂದೇಶವನ್ನ ದಾರೀಲೇ ಕತ್ತರಿಸ್ತವೆ. ಇನ್ನು ಕೆಲವು ಡಿಎನ್ಎ ಮೇಲೇ ಮೀಥೈಲ್ ಗುರುತು ಹಾಕಿಸಿ ಜೀನಿನ ಬಾಯಿ ಮುಚ್ಚಿಸ್ತವೆ.

ನಾವು ತಿನ್ನೋ ಅನ್ನ ಅಂದ್ರೆ ಬಹುಪಾಲು ಎಂಡೋಸ್ಪರ್ಮ್, ಮೊಳಕೆಗೆ ಕಟ್ಟಿಕೊಟ್ಟ ಬುತ್ತಿ. ಅದರಲ್ಲಿ ತಾಯಿಯ ಪಾಲು ಎರಡು, ತಂದೆಯದು ಒಂದು. ಕೆಲವು ಜೀನುಗಳಲ್ಲಿ ತಾಯಿಯ ಪ್ರತಿ ಮಾತ್ರ ಕೆಲಸ ಮಾಡುತ್ತೆ, ತಂದೆಯ ಪ್ರತಿ ಬಾಯಿ ಮುಚ್ಕೊಂಡಿರುತ್ತೆ (ನಮ್ಮನೇಲೂ ಹಾಗೇ :-)). ಎರಡರಲ್ಲೂ ಅಕ್ಷರ ಅವೇ ಇರಬಹುದು. ವ್ಯತ್ಯಾಸ ಇರೋದು ಗುರುತಲ್ಲಿ.

ಇದು ಎಲ್ಲೋ ಅಮೆರಿಕಾದ ಮಾತಲ್ಲ. ಇಲ್ಲೇ ಬಳ್ಳಾರಿ ರಸ್ತೆ, ಜಿಕೆವಿಕೆ ಆವರಣದೊಳಗಿನ ಎನ್‌ಸಿಬಿಎಸ್‌ನಲ್ಲಿ ಪಿ.ವಿ. ಶಿವಪ್ರಸಾದ್ ಅವರ ತಂಡ 2024ರಲ್ಲಿ ಭತ್ತದ ಇಂಥದ್ದೇ ಒಂದು ಜೀನಿನ ಬಗ್ಗೆ ಪ್ರಕಟಿಸ್ತು. ಹೆಸರು ಕ್ಲಾಸಿ-3. ಅದನ್ನ ಕೆಡಿಸಿದ್ರೆ ಎಂಡೋಸ್ಪರ್ಮ್ ಸರಿಯಾಗಿ ಬೆಳೆಯಲ್ಲ, ಸಣ್ಣ ಆರ್‌ಎನ್‌ಎಗಳಲ್ಲಿ ಶೇಕಡಾ 70ರಷ್ಟು ಮಾಯ! ಆ ಜೀನಿನ ಬಾಯಿಗೆ ಬೀಗ ಹಾಕೋದು ಏನು ಗೊತ್ತಾ? ಅದರ ಮುಂದೆ ಬಿದ್ದಿರೋ "ಕಸ"ದ ಸಾಲುಗಳ ಮೇಲಿನ ಮೀಥೈಲ್ ಗುರುತು.

ಇನ್ನೊಂದು ಕೇಳಿ. ಎಂಐಆರ್397 ಅನ್ನೋ ಸಣ್ಣ ಆರ್‌ಎನ್‌ಎ. 2013ರಲ್ಲಿ ಚೀನಾದವರು ಇದನ್ನ ಭತ್ತದಲ್ಲಿ ಹೆಚ್ಚಿಸಿದಾಗ ಕಾಳು ದಪ್ಪವಾಗಿ ಇಳುವರಿ ಶೇಕಡಾ 25ರವರೆಗೂ ಏರಿತ್ತು. 2018ರಲ್ಲಿ ಇದೇ ಬೆಂಗಳೂರಿನ ತಂಡ ಇಂಡಿಕಾ ಭತ್ತಗಳನ್ನ ನೋಡಿದಾಗ ಕಂಡದ್ದು ಉಲ್ಟಾ. ಕಾಡುಭತ್ತದಲ್ಲಿ ಎಂಐಆರ್397 ಹೇರಳ, ಹೆಚ್ಚು ಇಳುವರಿಯ ತಳಿಗಳಲ್ಲಿ ಇಲ್ಲವೇನೋ ಅನ್ನೋಷ್ಟು ಕಮ್ಮಿ. ಹೆಚ್ಚಿಸಿದ್ರೆ ಗಿಡ ಮತ್ತೆ ಕಾಡಿನ ಲಕ್ಷಣಕ್ಕೆ ತಿರುಗುತ್ತೆ. ಒಂದೇ ಪ್ಯಾಚು, ಎರಡು ಸಿಸ್ಟಮ್ಮು, ಎರಡು ಫಲಿತಾಂಶ. ಇದನ್ನ ನೋಡಿಯೂ "ಕೋಡ್ ಇದೆಯಲ್ಲ, ಸಾಕು" ಅನ್ನೋ ಇಂಜಿನಿಯರ್ ಯಾವತ್ತೂ ಪ್ರೊಡಕ್ಷನ್ ಸರ್ವರ್ ಮುಟ್ಟಿಲ್ಲ ಅಂತ ಲೆಕ್ಕ.

"ಸಣ್ಣ ಆರ್‌ಎನ್‌ಎಯ ಅಕ್ಷರವೂ ಜೀನೋಮಿನಲ್ಲೇ ಇದೆಯಲ್ಲ ಮಾರಾಯ" ಅಂತ ಅವನು ಕೇಳ್ತಾನೆ, ಗೊತ್ತು. ಇದೆ ಕಣಪ್ಪ. ಆದ್ರೆ ಅದು ಯಾವ ಅಂಗದಲ್ಲಿ, ಯಾವ ದಿನ, ಎಷ್ಟು ಹುಟ್ಟುತ್ತೆ ಅನ್ನೋದು ನೀನು ಡೌನ್‌ಲೋಡ್ ಮಾಡೋ ಆ ನಾಲ್ಕು ಅಕ್ಷರದ ಫೈಲಿನಲ್ಲಿ ಇಲ್ಲ. ಮೀಥೈಲ್ ಗುರುತೂ ಇಲ್ಲ. ಅದೆಲ್ಲಾ ತಾಯಿಗಿಡದಿಂದ ಕಾಳಿಗೆ, ಕಾಳಿಂದ ಗಿಡಕ್ಕೆ ಜೀವಂತವಾಗಿ ನಡೆಯೋ ವ್ಯವಹಾರ. ಫೈಲಿನಿಂದ ಒಂದೇ ಒಂದು ಭತ್ತದ ಕಾಳು ಮಾಡಿ ತೋರಿಸಿದವರು ಇವತ್ತಿನವರೆಗೆ ಯಾರೂ ಇಲ್ಲ. ಮಳವಳ್ಳಿ ತಾಲ್ಲೂಕಿನದೇ ಕಿರುಗಾವಲಿನಲ್ಲಿ ಸೈಯದ್ ಘನಿ ಖಾನ್ ನೂರಾರು ದೇಸಿ ಭತ್ತದ ತಳಿಗಳನ್ನ ಉಳಿಸಿಕೊಂಡು ಬಂದಿದ್ದು ಹಾರ್ಡ್ ಡಿಸ್ಕಲ್ಲಲ್ಲ, ಗದ್ದೇಲಿ.

ನಿನ್ನೆ ರಾತ್ರಿ ದೊಡ್ಡಪ್ಪನಿಗೆ ಫೋನ್ ಮಾಡಿದೆ. ಆರ್‌ಎನ್‌ಎ ಕಥೆ ಹೇಳೋಕೆ ಹೋಗಲಿಲ್ಲ. "ಅವನು ಹೇಳಿದ್ದು ತಪ್ಪು ದೊಡ್ಡಪ್ಪ, ಮೂರು ಗುಂಟೆನಾದ್ರೂ ಹಾಕಿ, ನಾಟಿಗೆ ನಾನು ಬರ್ತೀನಿ" ಅಂದೆ.

"ನೀ ಬಂದ್ರೆ ಪೈರೆಲ್ಲಾ ತುಳಿದಾಕ್ತೀಯ ಕಣ್ಲಾ" ಅಂದ್ರು. ಆದ್ರೆ ಬೀಜದ ಮೂಟೆ ಇನ್ನೂ ಅಟ್ಟದ ಮೇಲೇ ಇದೆಯಂತೆ.